ಡಿಸೋಜರೆಲ್ಲ ಒಂದೇ ಮೂಲದವರಾ? ಅಜ್ಜಿ ಹೇಳಿದ "ಪ್ರಭು" ಎಲ್ಲಿಂದ ಬಂತು?

ಪ್ರಶ್ನೆ: ನಮ್ಮದು ಬಂಟ್ವಾಳ ತಾಲೂಕು, ಈಗ ಬೆಂಗಳೂರಿನಲ್ಲಿ ಇದ್ದೇವೆ. ಸರ್‌ನೇಮ್ ಡಿಸೋಜ. ತೀರಿಹೋದ ನಮ್ಮ ಅಜ್ಜಿ "ನಾವು ಪ್ರಭುಗಳು, ಗೋವಾದಿಂದ ಬಂದವರು" ಎನ್ನುತ್ತಿದ್ದರು. ಇಲ್ಲಿ ಆಫೀಸಿನಲ್ಲಿ ಕೆಲವರು "ನೀವು ಪೋರ್ಚುಗೀಸರಾ?" ಅಂತ ಕೇಳುತ್ತಾರೆ. ಡಿಸೋಜರೆಲ್ಲ ಒಂದೇ ಮೂಲದವರಾ? ಯಾವಾಗ, ಯಾಕೆ ಇಲ್ಲಿಗೆ ಬಂದರು? ನಮ್ಮ ಮೂಲ ಊರು ಪತ್ತೆ ಮಾಡಲು ಆಗುತ್ತದಾ? ಡಿಎನ್‌ಎ ಟೆಸ್ಟ್‌ನಿಂದ ಗೊತ್ತಾಗುತ್ತದಾ? ಮಗನ ಹೆಸರಿಗೆ "ಪ್ರಭು" ಸೇರಿಸಬೇಕು ಅಂತ ಆಸೆ ಇದೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಹೆಸರು ಪೋರ್ಚುಗೀಸರದ್ದು, ಮನೆತನ ಕೊಂಕಣದ್ದು. ಡಿಸೋಜರೆಲ್ಲ ಒಂದೇ ಮೂಲದವರಲ್ಲ. ಮೂಲ ಊರು ಹುಡುಕಲು ದಾರಿ ಇದೆ, ಆದರೆ "ಡಿಸೋಜ" ಎಂಬ ಹೆಸರನ್ನು ಹಿಡಿದು ಹೊರಟರೆ ಆ ದಾರಿ ಸಿಗುವುದಿಲ್ಲ. ತುಂಬ ಜನ ತಪ್ಪುವುದು ಇಲ್ಲೇ. ಸರ್‌ನೇಮ್ ಅಂದರೆ ರಕ್ತದ ಗುರುತು ಎಂದುಕೊಂಡು ಇಂಟರ್‌ನೆಟ್‌ನಲ್ಲಿ ಸಿಗುವ ಯಾವುದೋ ಪೋರ್ಚುಗೀಸ್ ಮನೆತನದ ಲಾಂಛನ ಹುಡುಕಿ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಅದಕ್ಕೂ ಮಂಗಳೂರಿನ ಡಿಸೋಜರಿಗೂ ಏನೂ ಸಂಬಂಧ ಇಲ್ಲ.

ಹೆಸರಿನ ಕಥೆ ಚಿಕ್ಕದು. ಪೋರ್ಚುಗಲ್‌ನ ಉತ್ತರ ಭಾಗದಲ್ಲಿ ದೋರು ನದಿಗೆ ಸೇರುವ ಸೋಜ ಎಂಬ ಒಂದು ಉಪನದಿ ಇದೆ. ಆ ಸೀಮೆಯ ಒಂದು ದೊಡ್ಡ ಮನೆತನಕ್ಕೆ ಆ ಹೆಸರು ನಿಂತಿತು. ಆಮೇಲೆ ಸೈನಿಕರು, ಅಧಿಕಾರಿಗಳು, ಪಾದ್ರಿಗಳ ಜೊತೆ ಅದು ಬ್ರೆಜಿಲ್‌ಗೂ ಹೋಯಿತು, ಗೋವಾಕ್ಕೂ ಬಂತು. 1542ರಿಂದ 1545ರವರೆಗೆ ಗೋವಾದ ಗವರ್ನರ್ ಆಗಿದ್ದವನೂ ಒಬ್ಬ ಸೋಜನೇ, ಮಾರ್ತಿಂ ಅಫೊನ್ಸೊ ದ ಸೋಜ. ಸಂತ ಫ್ರಾನ್ಸಿಸ್ ಝೇವಿಯರ್ ಗೋವಾಕ್ಕೆ ಬಂದದ್ದು ಈತನ ಜೊತೆಯಲ್ಲೇ.

ಈ ಹೆಸರು ಕೊಂಕಣಿ ಮನೆಗಳಿಗೆ ಹೇಗೆ ಹೊಕ್ಕಿತು? ಜ್ಞಾನಸ್ನಾನದ, ಅಂದರೆ ಬ್ಯಾಪ್ಟಿಸಂನ ದಿನ. ಪೋರ್ಚುಗೀಸರು 1510ರಲ್ಲಿ ಗೋವಾ ದ್ವೀಪ, ಅಂದರೆ ಈಗಿನ ತಿಸ್ವಾಡಿ, ಹಿಡಿದರು. 1543ರಲ್ಲಿ ಅಕ್ಕಪಕ್ಕದ ಬಾರ್ದೇಶ ಮತ್ತು ಸಾಸಷ್ಟಿ ಸೀಮೆಗಳು ಅವರ ಕೈಗೆ ಬಂದವು. ಬಾರ್ದೇಶದಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು, ಸಾಸಷ್ಟಿಯಲ್ಲಿ ಜೆಸುಯಿಟ್ ಪಾದ್ರಿಗಳು ಕೆಲಸ ಮಾಡಿದರು. 1560ರ ಹೊತ್ತಿಗೆ ಊರಿಗೆ ಊರೇ ಜ್ಞಾನಸ್ನಾನ ಪಡೆಯುವ ದೊಡ್ಡ ಸಮಾರಂಭಗಳು ನಡೆಯುತ್ತಿದ್ದವು. ವೈಸರಾಯ್ ಕೊನ್ಸ್ತಾಂತಿನೊ ದ ಬ್ರಗಾನ್ಸ ತಾನೇ ಅಲ್ಲಿ ಹೋಗಿ ನಿಲ್ಲುತ್ತಿದ್ದ. ಹೊಸದಾಗಿ ಕ್ರೈಸ್ತನಾದವನಿಗೆ ಜ್ಞಾನತಂದೆಯಾಗಿ (ಗಾಡ್‌ಫಾದರ್) ನಿಂತ ಪೋರ್ಚುಗೀಸನ ಹೆಸರೋ, ಜ್ಞಾನಸ್ನಾನ ಕೊಟ್ಟ ಪಾದ್ರಿಯ ಹೆಸರೋ ಬರುತ್ತಿತ್ತು. ಹೀಗಾಗಿ ಒಂದೇ ಮನೆಯ ಅಣ್ಣ ಒಂದು ದಿನ ಸೋಜ ಆಗಿ, ತಮ್ಮ ಇನ್ನೊಂದು ದಿನ ಪಿಂಟೊ ಆಗಬಹುದಿತ್ತು. ಒಂದಕ್ಕೊಂದು ಸಂಬಂಧವೇ ಇಲ್ಲದ ಹತ್ತು ಮನೆಗಳು ಒಂದೇ ದಿನ ಸೋಜ ಆಗಬಹುದಿತ್ತು. ಬ್ರಾಹ್ಮಣರ ಮನೆಯೂ, ಚಾರ್ಡೊ ಅಂತ ಕರೆಯುವ ಕ್ಷತ್ರಿಯ ಮನೆಯೂ, ಶೂದ್ರರ ಮನೆಯೂ ಒಂದೇ ಹೆಸರಿನ ಅಡಿಗೆ ಬಂದವು. ಲೋಬೊ, ಕುವೆಲ್ಲೊ, ಫೆರ್ನಾಂಡಿಸ್, ಸಲ್ಡಾನ್ಹ, ಎಲ್ಲದರ ಕಥೆಯೂ ಇದೇ.

ನಿಮ್ಮ ಹೆಸರಿನ ಮುಂದಿನ "ಡಿ" ಬಗ್ಗೆಯೂ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪೋರ್ಚುಗೀಸಿನಲ್ಲಿ ಅದು "ದ ಸೋಜ", ಬೇರೆ ಬೇರೆ ಪದ. ಇಂಗ್ಲಿಷ್ ಬರವಣಿಗೆಯಲ್ಲಿ ಎರಡೂ ಅಂಟಿಕೊಂಡವು. ದ ಕುನ್ಹ, ದ ಕೋಸ್ತ, ದ ಸಿಲ್ವ ಎಲ್ಲವೂ ಹಾಗೆಯೇ ಡಿಕುನ್ಹ, ಡಿಕೋಸ್ತ, ಡಿಸಿಲ್ವ ಆದವು. ಪಹಣಿಯಲ್ಲಿ ಅಜ್ಜ "ಸೋಜ", ರೇಷನ್ ಕಾರ್ಡಿನಲ್ಲಿ ಅಪ್ಪ "ಡಿ ಸೋಜಾ", ಪಾಸ್‌ಪೋರ್ಟ್‌ನಲ್ಲಿ ನೀವು "ಡಿಸೋಜ" ಆಗಿದ್ದರೆ ಅದು ಗುಮಾಸ್ತರ ಕೈಬರಹದ ವ್ಯತ್ಯಾಸ ಅಷ್ಟೇ, ಕುಟುಂಬ ಬೇರೆಯಾದದ್ದಲ್ಲ.

ಹಾಗಾದರೆ ಹೆಸರು ಬದಲಾದರೂ ಉಳಿದದ್ದು ಏನು? ವಾಂಗಡ. ನಿಮ್ಮ ಹುಡುಕಾಟದ ಬೆನ್ನೆಲುಬು ಇದೇ. ಗೋವಾದ ಹಳ್ಳಿಗಳಲ್ಲಿ ಊರು ಕಟ್ಟಿದ ಮೂಲ ಮನೆತನಗಳ ಗಂಡಸರಿಗೆ ಗಾಂವ್ಕಾರ ಎಂದು ಹೆಸರು. ಊರ ಜಮೀನು ಅವರೆಲ್ಲರ ಸಾಮೂಹಿಕ ಆಸ್ತಿ. ಹರಾಜು ಹಾಕಿ ಗೇಣಿಗೆ ಕೊಟ್ಟು, ಬಂದ ಹಣದಲ್ಲಿ ಕೆರೆ, ಕಟ್ಟೆ, ದೇವಸ್ಥಾನದ ಖರ್ಚು ಕಳೆದು ಉಳಿದದ್ದನ್ನು ಹಂಚಿಕೊಳ್ಳುತ್ತಿದ್ದರು. ಒಬ್ಬೊಬ್ಬ ಮೂಲಪುರುಷನ ಸಂತಾನ ಒಂದೊಂದು ವಾಂಗಡ. ಪೋರ್ಚುಗೀಸರು ಈ ವ್ಯವಸ್ಥೆಯನ್ನು ಒಡೆಯಲಿಲ್ಲ, ಯಾಕೆಂದರೆ ಕಂದಾಯ ಬರುತ್ತಿದ್ದದ್ದೇ ಇದರಿಂದ. 1526ರಲ್ಲಿ ಪೋರ್ಚುಗೀಸರ ಹಣಕಾಸು ಅಧಿಕಾರಿ ಅಫೊನ್ಸೊ ಮೆಷಿಯ ಈ ಪದ್ಧತಿಗಳನ್ನೆಲ್ಲ ಬರೆಸಿದ, ಆ ದಾಖಲೆಗೆ ಫೊರಾಲ್ ಎನ್ನುತ್ತಾರೆ. ಆಮೇಲೆ ಇದಕ್ಕೆ ಕೊಮುನಿದಾದ್ ಎಂಬ ಹೆಸರು ಬಂತು, ಇವತ್ತಿಗೂ ಗೋವಾದಲ್ಲಿ ಅದು ಇದೆ. ಧರ್ಮ ಬದಲಾಯಿತು, ಹೆಸರು ಬದಲಾಯಿತು, ವಾಂಗಡ ಬದಲಾಗಲಿಲ್ಲ.

ನಂಬಿಕೆ ಬರದಿದ್ದರೆ ದಕ್ಷಿಣ ಗೋವಾದ ಕುಂಕಳ್ಳಿಗೆ ಒಮ್ಮೆ ಹೋಗಿ ಬನ್ನಿ. 1583ರಲ್ಲಿ ಅಲ್ಲಿನವರು ಪೋರ್ಚುಗೀಸರ ವಿರುದ್ಧ ತಿರುಗಿಬಿದ್ದರು, ಐವರು ಜೆಸುಯಿಟರು ಸತ್ತರು. ಮಾತುಕತೆಗೆಂದು ಅಸೊಳ್ಣೆಯ ಕೋಟೆಗೆ ಕರೆಸಿ ಊರ ಮುಖಂಡರನ್ನು ಪೋರ್ಚುಗೀಸರು ಕೊಂದರು. ಊರಿನ ದೇವಿ ಶಾಂತಾದುರ್ಗೆ ಫಾತರ್ಪೆಗೆ ಹೋದಳು. ಈಗಲೂ ವರ್ಷಕ್ಕೊಮ್ಮೆ ಆಕೆಯ ಮೆರವಣಿಗೆ ಫಾತರ್ಪೆಯಿಂದ ಕುಂಕಳ್ಳಿಗೆ ಬರುತ್ತದೆ. ಬಣ್ಣ ಬಣ್ಣದ ಹನ್ನೆರಡು ಛತ್ರಿಗಳು, ಹನ್ನೆರಡು ವಾಂಗಡಗಳಿಗೆ ಒಂದೊಂದು. ಗುಲಾಲು ಎರಚುತ್ತಾ ಡೋಲು ಬಡಿಯುತ್ತಾ ಹೋಗುವ ಆ ಗುಂಪಿನಲ್ಲಿ ಹಿಂದೂಗಳೂ ಇರುತ್ತಾರೆ, ಪೋರ್ಚುಗೀಸ್ ಹೆಸರಿನ ಕ್ಯಾಥೊಲಿಕರೂ ಇರುತ್ತಾರೆ, ಯಾಕೆಂದರೆ ವಾಂಗಡ ಇಬ್ಬರದ್ದೂ. ನಿಮ್ಮ ಸರ್‌ನೇಮ್ ಹೇಳದೇ ಇರುವುದನ್ನು ಆ ಛತ್ರಿ ಹೇಳುತ್ತದೆ. ನೀವು ಹುಡುಕಬೇಕಾದದ್ದು ಇಂಥ ಒಂದು ಊರನ್ನು, ಇಂಥ ಒಂದು ವಾಂಗಡವನ್ನು.

ಈಗ ಅಜ್ಜಿಯ ಮಾತಿಗೆ ಬರೋಣ. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. "ನಾವು ಪ್ರಭುಗಳು" ಎಂಬುದಕ್ಕೆ ನಿಮ್ಮ ಕಡೆ ಎರಡು ಅರ್ಥ ಇದೆ. ಒಂದು, ನಿಮ್ಮ ಪೈಕ್, ಅಂದರೆ ಕ್ರೈಸ್ತರಾಗುವ ಮುಂಚಿನ ಮನೆತನದ ಹೆಸರು, ಪ್ರಭು ಎಂದಾಗಿರಬಹುದು. ಕರಾವಳಿಯ ಹಲವು ಕ್ಯಾಥೊಲಿಕ್ ಕುಟುಂಬಗಳು ಪ್ರಭು, ಕಾಮತ್, ಶೇಟ್, ನಾಯ್ಕ್ ಎಂಬ ಹಳೆಯ ಹೆಸರನ್ನು ನೆನಪಿಟ್ಟುಕೊಂಡಿವೆ. ಲೋಬೊ ಪ್ರಭು, ಸಲ್ಡಾನ್ಹ ಶೇಟ್ ಎಂಬ ಜೋಡಿ ಹೆಸರುಗಳು ನಿಮಗೂ ಗೊತ್ತಿರಬೇಕು. ಆಳ್ವ ಎಂಬ ಬಂಟರ ಹೆಸರನ್ನೇ ಇಟ್ಟುಕೊಂಡಿರುವ ಕ್ಯಾಥೊಲಿಕರೂ ಇದ್ದಾರೆ, ಸ್ವಾತಂತ್ರ್ಯ ಹೋರಾಟಗಾರ ಜೋಕಿಂ ಆಳ್ವ ಅವರ ಹಾಗೆ. ಅಂದರೆ ಎಲ್ಲರೂ ಗೋವಾದಿಂದಲೇ ಬಂದವರು ಅಂತಲೂ ಇಲ್ಲ.

ಇನ್ನೊಂದು ಅರ್ಥ ತುಳುವಿನದ್ದು. ತುಳುವರು ಕೊಂಕಣಿ ಕ್ಯಾಥೊಲಿಕರನ್ನೆಲ್ಲ "ಪೊರ್ಬುಲು" ಎಂದೇ ಕರೆಯುತ್ತಾರೆ, ಹೆಂಗಸರನ್ನು "ಬಾಯಮ್ಮ" ಎಂದು. ಪೈಕ್ ಯಾವುದೇ ಇರಲಿ, ಪಕ್ಕದ ಮನೆಯ ಶೆಟ್ಟರಿಗೆ, ಪೂಜಾರಿಗಳಿಗೆ ನಿಮ್ಮ ಅಜ್ಜ ಪೊರ್ಬುಲೇ. ಅಜ್ಜಿ ಹೇಳಿದ್ದು ಇದನ್ನೂ ಇರಬಹುದು ಅಲ್ವಾ? ಹಾಗಾಗಿ ಅಜ್ಜಿ ಆ ಮಾತನ್ನು ಯಾವ ಸಂದರ್ಭದಲ್ಲಿ ಹೇಳುತ್ತಿದ್ದರು ಎಂದು ನೆನಪು ಮಾಡಿಕೊಳ್ಳಿ. ಮದುವೆ ಸಂಬಂಧದ ಮಾತು ಬಂದಾಗ "ಅವರು ಕಾಮತಿಗಳು, ನಾವು ಪ್ರಭುಗಳು" ಎನ್ನುತ್ತಿದ್ದರೆ ಅದು ಪೈಕ್. ಊರಿನವರ ಜೊತೆಗಿನ ಒಡನಾಟದ ಮಾತಿನಲ್ಲಿ ಬರುತ್ತಿದ್ದರೆ ಅದು ಪೊರ್ಬುಲು. ಇನ್ನೂ ಒಂದು ವಿಷಯ ನೋಡಿ: ಅಜ್ಜಿ ಮದುವೆಯಾಗಿ ಬಂದವರಾದರೆ, "ನಾವು" ಅಂದದ್ದು ಗಂಡನ ಮನೆಯನ್ನೋ ತವರನ್ನೋ? ಇದನ್ನು ಅಜ್ಜಿಯ ವಯಸ್ಸಿನ ಇನ್ನೊಬ್ಬರ ಹತ್ತಿರ ಕೇಳಿಯೇ ತೀರಬೇಕು. ದಯವಿಟ್ಟು ಮುಂದೂಡಬೇಡಿ, ಆ ತಲೆಮಾರು ಹೋದರೆ ಯಾವ ಕಚೇರಿಯಲ್ಲೂ ಈ ಉತ್ತರ ಸಿಗುವುದಿಲ್ಲ.

ಇನ್ನು ಯಾಕೆ, ಯಾವಾಗ ಬಂದರು? "ಇನ್‌ಕ್ವಿಸಿಷನ್‌ಗೆ ಹೆದರಿ ಓಡಿಬಂದರು" ಎನ್ನುವುದು ಎಲ್ಲರ ಬಾಯಲ್ಲಿರುವ ಉತ್ತರ. ಅದು ಪೂರ್ತಿ ಸುಳ್ಳಲ್ಲ. ಗೋವಾದಲ್ಲಿ ಆ ಧಾರ್ಮಿಕ ವಿಚಾರಣಾ ಮಂಡಳಿ 1560ರಲ್ಲಿ ಶುರುವಾಗಿ, ನಡುವೆ ಕೆಲವು ವರ್ಷ ಬಿಟ್ಟು, 1812ರವರೆಗೂ ಇತ್ತು. ಮತಾಂತರವಾದವರು ಹಳೆಯ ಆಚಾರ ಬಿಡಲಿಲ್ಲ ಎಂಬುದೇ ಅಲ್ಲಿ ದೊಡ್ಡ ಅಪರಾಧ. 1684ರಲ್ಲಿ ಕೊಂಕಣಿ ಭಾಷೆ ಬಿಡಬೇಕೆಂದು ವೈಸರಾಯ್ ಆಜ್ಞೆ ಹೊರಡಿಸಿದ. 1736ರ ಆಜ್ಞೆಯಲ್ಲಂತೂ ಮನೆ ಮುಂದಿನ ತುಳಸಿ, ಮದುವೆಯ ಶಾಸ್ತ್ರಗಳು, ಉಡುಪು, ಎಲ್ಲದಕ್ಕೂ ಕೈ ಹಾಕಿದರು. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಜಾಸ್ತಿ ಜನರನ್ನು ಎಬ್ಬಿಸಿದ್ದು ಹೊಟ್ಟೆಪಾಡು ಮತ್ತು ಯುದ್ಧ. ಬಿಜಾಪುರದ ಆದಿಲ್‌ಶಾಹಿ 1570ರಲ್ಲಿ ಗೋವಾಕ್ಕೆ ಮುತ್ತಿಗೆ ಹಾಕಿತು. 1683ರಲ್ಲಿ ಸಂಭಾಜಿಯ ಸೈನ್ಯ ಬಾರ್ದೇಶ ಮತ್ತು ಸಾಸಷ್ಟಿಗೆ ನುಗ್ಗಿತು. 1739ರಲ್ಲಿ ಮರಾಠರು ಮತ್ತೆ ಬಂದರು. ಮಧ್ಯೆ ಮಧ್ಯೆ ಬರಗಾಲ, ಸಾಂಕ್ರಾಮಿಕ ರೋಗ, ಮೇಲಿಂದ ಮೇಲೆ ತೆರಿಗೆ. ಇಷ್ಟಾದ ಮೇಲೆ ರೈತ ಏನು ಮಾಡುತ್ತಾನೆ?

ದಕ್ಷಿಣದಲ್ಲಿ ಕೆಳದಿ ಅರಸರಿಗೆ ಕೃಷಿ ಬಲ್ಲ ಜನ ಬೇಕಿದ್ದರು. ಇದನ್ನು ನಾವು ಮರೆತೇಬಿಟ್ಟಿದ್ದೇವೆ, ನನಗೆ ಬೇಸರವಾಗುವುದು ಅದಕ್ಕೇ. ಕೆಳದಿಯವರಿಗೆ ಪೋರ್ಚುಗೀಸರ ಕೋಟೆಗಳೊಂದಿಗೆ ಜಗಳವಿತ್ತು, ಶಿವಪ್ಪ ನಾಯಕ 1650ರ ದಶಕದಲ್ಲಿ ಅವರನ್ನು ಕರಾವಳಿಯ ಕೋಟೆಗಳಿಂದ ಓಡಿಸಿದ. ಆದರೆ ಕ್ರೈಸ್ತ ಒಕ್ಕಲುಗಳ ಮೇಲೆ ಆ ಸಿಟ್ಟು ತೀರಿಸಿಕೊಳ್ಳಲಿಲ್ಲ, ಬದಲಿಗೆ ಜಮೀನು ಕೊಟ್ಟರು. ಮಂಗಳೂರಿನ ಮಿಲಾಗ್ರಿಸ್ ಚರ್ಚ್ ಕಟ್ಟಿದ್ದು 1680ರಲ್ಲಿ, ಕೆಳದಿ ಚೆನ್ನಮ್ಮನ ಆಳ್ವಿಕೆಯಲ್ಲಿ. ಮರುವರ್ಷ ಗೋವಾದಿಂದ ಬಂದ ಫಾದರ್ ಜೋಸೆಫ್ ವಾಜ್ 1684ರವರೆಗೆ ಕೆನರಾದಲ್ಲಿ, ಅಂದರೆ ಈಗಿನ ಕರ್ನಾಟಕದ ಕರಾವಳಿಯಲ್ಲಿ, ಊರೂರು ತಿರುಗಿದರು. ಅವರನ್ನು 2015ರಲ್ಲಿ ಸಂತರೆಂದು ಘೋಷಿಸಿದರು, ಮುಡಿಪುವಿನಲ್ಲಿ ಅವರ ಪುಣ್ಯಕ್ಷೇತ್ರ ಇದೆ. ಅವರನ್ನು ಕಳಿಸಬೇಕಾಗಿ ಬಂದದ್ದೇ ಇಲ್ಲಿ ಅಷ್ಟೊಂದು ಕ್ರೈಸ್ತರು ಆಗಲೇ ನೆಲೆಸಿದ್ದರು ಎಂಬುದಕ್ಕೆ ಸಾಕ್ಷಿ. 1801ರಲ್ಲಿ ಬ್ರಿಟಿಷ್ ಕಂಪನಿಗಾಗಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಇದನ್ನೇ ಬರೆದಿದ್ದಾನೆ: ಇಕ್ಕೇರಿಯ (ಅಂದರೆ ಕೆಳದಿಯ) ಅರಸರು ಕ್ರೈಸ್ತರಿಗೆ ಪ್ರೋತ್ಸಾಹ ಕೊಟ್ಟು ತುಳುವ ಸೀಮೆಯಲ್ಲಿ 80,000 ಜನರನ್ನು ನೆಲೆಗೊಳಿಸಿದರು, ಎಲ್ಲರೂ ಕೊಂಕಣದ ಸಂತತಿ, ಭಾಷೆ ಉಡುಪು ನಡವಳಿಕೆ ಎಲ್ಲ ಅಲ್ಲಿನದೇ ಅಂತ. ಆ ಸಂಖ್ಯೆ ಆತ ಜನರಿಂದ ಕೇಳಿ ಬರೆದುಕೊಂಡದ್ದು, ಜನಗಣತಿಯಲ್ಲ. ಆದರೂ "ಪೋರ್ಚುಗೀಸರಾ?" ಎನ್ನುವ ನಿಮ್ಮ ಆಫೀಸಿನವರಿಗೆ ಈ ಒಂದು ಮಾತು ಸಾಕು.

ಆಮೇಲೆ ಬಂತು 1784. ಆಂಗ್ಲರ ಜೊತೆಗಿನ ಯುದ್ಧದಲ್ಲಿ ಇವರು ಶತ್ರುಗಳಿಗೆ ನೆರವಾದರು ಎಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ್ ಆ ವರ್ಷದ ಫೆಬ್ರವರಿಯಲ್ಲಿ, ಬೂದಿ ಬುಧವಾರದ ಹೊತ್ತಿಗೆ, ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ. ಎಷ್ಟು ಜನ ಎಂಬ ಬಗ್ಗೆ 30,000ದಿಂದ 80,000ದವರೆಗೆ ಬೇರೆ ಬೇರೆ ಲೆಕ್ಕ ಇವೆ. ಘಾಟಿ ಹತ್ತುವಾಗ, ಆಮೇಲೆ ಸೆರೆಯಲ್ಲಿ, ಬಹಳ ಜನ ಸತ್ತರು. ಚರ್ಚುಗಳನ್ನು ಕೆಡವಿದರು. ಉಳಿದವರಿಗೆ ಬಿಡುಗಡೆಯಾದದ್ದು 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ. ಎಲ್ಲರೂ ಊರಿಗೆ ಬರಲಿಲ್ಲ. ತಪ್ಪಿಸಿಕೊಂಡ ಕೆಲವರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ, ವಿರಾಜಪೇಟೆಯ ಚರ್ಚು 1792ರಲ್ಲಿ ಶುರುವಾದದ್ದು ಹಾಗೆ.

ಇದನ್ನು ಯಾಕೆ ಇಷ್ಟು ಹೇಳಿದೆ ಅಂದರೆ, ನಿಮ್ಮ ಹುಡುಕಾಟ ಕಡಿದುಹೋಗುವುದು ಸರಿಯಾಗಿ ಇಲ್ಲೇ. ಚರ್ಚುಗಳ ಜೊತೆ ಅವುಗಳ ಪುಸ್ತಕಗಳೂ ಹೋದವು. ನಿಮ್ಮ ಕಡೆಯ ಹೆಚ್ಚಿನ ಚರ್ಚುಗಳ ರಿಜಿಸ್ಟರುಗಳು 1799ರ ನಂತರದವು. ಅಲ್ಲಿಂದ ಈಚೆಗೆ ದಾಖಲೆ, ಅಲ್ಲಿಂದ ಆಚೆಗೆ ಬಾಯಿಮಾತು. ಆ ಹದಿನೈದು ವರ್ಷದ ಆಚೆ ದಾಟಬೇಕಾದರೆ ಕೈಯಲ್ಲಿ ಪೈಕ್ ಮತ್ತು ಗೋವಾದ ಊರಿನ ಹೆಸರು ಇರಲೇಬೇಕು.

ಕೆಲಸ ಶುರುಮಾಡುವುದು ಇವತ್ತಿನಿಂದ ಹಿಂದಕ್ಕೆ. ಅಪ್ಪ, ಅಜ್ಜ, ಮುತ್ತಜ್ಜರ ಜ್ಞಾನಸ್ನಾನ ಮತ್ತು ಮದುವೆಯ ದಾಖಲೆ ಚರ್ಚಿನಲ್ಲಿ ಕೇಳಿ. ನಿಮ್ಮ ಈಗಿನ ಚರ್ಚು ಹೊಸದಾದರೆ ಅದು ಯಾವ ಹಳೆಯ ಚರ್ಚಿನಿಂದ ಬೇರೆಯಾದದ್ದು ಎಂದು ವಿಚಾರಿಸಿ, ಹಳೆಯ ಪುಸ್ತಕ ಅಲ್ಲಿರುತ್ತದೆ. ಬಂಟ್ವಾಳದ ಕಡೆ ಅಗ್ರಾರ್, ಫರಂಗಿಪೇಟೆ ಹಳೆಯವು. ಬರವಣಿಗೆ ಪೋರ್ಚುಗೀಸ್ ಅಥವಾ ಲ್ಯಾಟಿನ್‌ನಲ್ಲಿ ಇರಬಹುದು, ಹೆದರಬೇಡಿ, ಒಂದೇ ಮಾದರಿಯ ವಾಕ್ಯ ಪ್ರತಿ ಪುಟದಲ್ಲೂ ಬರುತ್ತದೆ, ನಾಲ್ಕು ಪುಟ ಓದುವಷ್ಟರಲ್ಲಿ ಅಭ್ಯಾಸವಾಗುತ್ತದೆ. ಮಗುವಿನ ಹೆಸರು ಮಾತ್ರ ಬರೆದುಕೊಂಡು ಬಂದುಬಿಡಬೇಡಿ. ಜ್ಞಾನತಂದೆ, ಜ್ಞಾನತಾಯಿ ಯಾರು ಎಂದು ನೋಡಿ. ಅವರು ಸಾಮಾನ್ಯವಾಗಿ ಹತ್ತಿರದ ನೆಂಟರೇ, ಎಷ್ಟೋ ಸಲ ಕೊಂಡಿ ಸಿಗುವುದು ಅವರಿಂದ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡುವ ಪದ್ಧತಿ ನಿಮ್ಮಲ್ಲಿ ಇತ್ತು. ಒಂದೇ ಊರಿನಲ್ಲಿ ಮೂವರು ಪೆದ್ರು ಡಿಸೋಜರು ಇದ್ದಾಗ ಇವನು ಯಾರ ಮಗ ಎಂದು ಬಿಡಿಸಲು ಈ ಪದ್ಧತಿ ಬಹಳ ಸಹಾಯ ಮಾಡುತ್ತದೆ.

ಎರಡನೆಯದು ಮನೆ ಹೆಸರು ಮತ್ತು ಜಮೀನು. ಕರಾವಳಿಯಲ್ಲಿ ಜನರನ್ನು ಗುರುತಿಸುವುದು ಮನೆ ಹೆಸರಿನಿಂದ, ಅಂಚೆಯೂ ಅದರಿಂದಲೇ ಬರುತ್ತದೆ. ನಿಮ್ಮ ಹಳೆಯ ಮನೆಯ ಹೆಸರು ಏನು, ವರ್ಗ, ಅಂದರೆ ಜಮೀನಿನ ಖಾತೆ, ಯಾರ ಹೆಸರಿನಲ್ಲಿತ್ತು, ನೀವು ವರ್ಗದಾರರಾ (ಜಮೀನಿನ ಒಡೆಯರು), ಮೂಲಗೇಣಿಯವರಾ (ಕಾಯಂ ಗೇಣಿದಾರರು), ಚಾಲಗೇಣಿಯವರಾ (ಕಾಯಂ ಅಲ್ಲದ ಗೇಣಿದಾರರು)? ಮನೆಯ ಪೆಟ್ಟಿಗೆಯಲ್ಲಿ ಮೂಲಗೇಣಿ ಚೀಟಿ ಇದ್ದರೆ ಅದು ಬಂಗಾರ, ಅದರಲ್ಲಿ ಅಜ್ಜಂದಿರ ಹೆಸರು ತಂದೆಯ ಹೆಸರಿನೊಂದಿಗೆ ಇರುತ್ತದೆ. 1974ರ ಭೂಸುಧಾರಣೆಯಲ್ಲಿ ನಿಮ್ಮ ಮನೆಯವರು ಗೇಣಿದಾರರಾಗಿ ಡಿಕ್ಲರೇಶನ್ ಹಾಕಿದ್ದರೆ ಆ ಫೈಲನ್ನೂ ಕೇಳಿ. ನಮೂನೆ 7ರ ಅರ್ಜಿ, ಸಾಕ್ಷಿಗಳ ಹೇಳಿಕೆ, ಎಷ್ಟು ತಲೆಮಾರಿನಿಂದ ಉಳುಮೆ ಮಾಡುತ್ತಿದ್ದೇವೆ ಎಂಬ ವಿವರ ಇಂಥ ಫೈಲುಗಳಲ್ಲಿ ಸಿಗುತ್ತದೆ. ವಂಶಾವಳಿ ಹುಡುಕುವವರು ಈ ಕಡೆ ತಿರುಗಿಯೂ ನೋಡುವುದಿಲ್ಲ.

ಇದೆಲ್ಲ ಆದ ಮೇಲೆ ಗೋವಾ. ಪಣಜಿಯ ಸರ್ಕಾರಿ ಪತ್ರಾಗಾರ ಬಹಳ ಹಳೆಯದು, 1595ರಲ್ಲಿ ಶುರುವಾದದ್ದು, ಮೊದಲ ಮುಖ್ಯಸ್ಥ ಇತಿಹಾಸಕಾರ ದಿಯೊಗೊ ದೊ ಕೂತೊ. ಗಾಂವ್ಕಾರರ ಹೆಸರುಗಳು, ದೇವಸ್ಥಾನದ ಜಮೀನಿನ ಫೊರಾಲ್‌ಗಳು, ಕೊಮುನಿದಾದ್ ಪುಸ್ತಕಗಳು ಅಲ್ಲಿವೆ. ಆದರೆ ಅಲ್ಲಿ "ಪ್ರಭು" ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಪೋರ್ಚುಗೀಸ್ ಬರಹಗಾರರು ಕಿವಿಗೆ ಕೇಳಿದ್ದನ್ನು ಬರೆದರು: ಪ್ರಭು "ಪೊರೊಬೊ" ಆಗಿದ್ದಾನೆ, ಶೆಣೈ "ಸಿನಾಯ್", ಕಾಮತಿ "ಕಾಮೊತಿಂ", ಪೈ "ಪೊಯ್", ಭಟ್ಟ "ಬೊತೊ". ಇನ್ನೊಂದು ಎಚ್ಚರಿಕೆ, ಪ್ರಭು ಎನ್ನುವುದೂ ಮೂಲದಲ್ಲಿ ಊರ ಮುಖ್ಯಸ್ಥನಿಗೆ ಸಲ್ಲುತ್ತಿದ್ದ ಬಿರುದು. ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ಪ್ರಭುಗಳು. ಅದಕ್ಕೇ ಊರಿನ ಹೆಸರು ಜೊತೆಗೆ ಬೇಕು ಎನ್ನುತ್ತಿರುವುದು. ವೆರ್ಣೆ, ಕೇಳೋಶಿ, ಕುಠ್ಠಾಳಿ, ಲೋಟಲಿ, ಇಂಥ ಒಂದು ಹೆಸರು ಮನೆಯಲ್ಲಿ ಯಾರ ಬಾಯಲ್ಲಾದರೂ ಉಳಿದಿದೆಯಾ ಕೇಳಿ. ಆ ಊರುಗಳ ದೇವರುಗಳೂ ಮತಾಂತರದ ಆ ಕಾಲದಲ್ಲೇ ನದಿ ದಾಟಿ, ಆಗ ಪೋರ್ಚುಗೀಸರ ಕೈಯಲ್ಲಿಲ್ಲದ ಫೋಂಡಾ ಕಡೆಗೆ ಹೋದವು, ವೆರ್ಣೆಯ ಮ್ಹಾಳಸೆ ಮಾರ್ದೋಳಕ್ಕೆ, ಕೇಳೋಶಿಯ ಶಾಂತಾದುರ್ಗೆ ಕವಳೆಗೆ, ಕುಠ್ಠಾಳಿಯ ಮಂಗೇಶ ಪ್ರಿಯೋಳಕ್ಕೆ. ನಿಮ್ಮ ಊರು ಸಿಕ್ಕಿದರೆ, ಮಂಗಳೂರಿನ ರಥಬೀದಿಯಲ್ಲಿ ಅದೇ ಊರಿನ ಮೂಲದ ಕೊಂಕಣಿ ಹಿಂದೂ ಮನೆತನವೂ ಸಿಗಬಹುದು, ಅವರ ಹತ್ತಿರವೂ ಮಾತಾಡಿ.

ಡಿಎನ್‌ಎ ಟೆಸ್ಟ್ ಬಗ್ಗೆ. ಊರಿನ ಹೆಸರು ಹೇಳುವ ಟೆಸ್ಟ್ ಯಾವುದೂ ಇಲ್ಲ. ಅಪ್ಪನಿಂದ ಮಗನಿಗೆ ಇಳಿಯುವ ವೈ ಕ್ರೋಮೋಸೋಮ್ ಪರೀಕ್ಷೆ ಮಾತ್ರ ಒಂದು ಕೆಲಸಕ್ಕೆ ಬರುತ್ತದೆ: ಇನ್ನೊಂದು ಕುಟುಂಬ ನಿಮ್ಮದೇ ಪೈಕ್ ಎಂದು ಹೇಳಿಕೊಂಡರೆ, ಎರಡೂ ಮನೆಯ ಗಂಡಸರ ಫಲಿತಾಂಶ ಹೋಲಿಸಿ ನೋಡಬಹುದು. ಹೋಲಿಸಲು ಯಾರೂ ಇಲ್ಲದೆ ಸುಮ್ನೆ ದುಡ್ಡು ಹಾಕಬೇಡಿ.

ಮಗನ ಹೆಸರಿಗೆ "ಪ್ರಭು" ಸೇರಿಸುವುದು ನಿಮ್ಮ ಹಕ್ಕು, ಸೇರಿಸಿದವರು ಬೇಕಾದಷ್ಟು ಜನ ಇದ್ದಾರೆ. ನನ್ನ ಸಲಹೆ ಇಷ್ಟೇ: ಅದು ಪೈಕ್ ಹೌದೋ, ತುಳುವಿನ ಪೊರ್ಬುಲೋ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಹೌದಾದರೆ ಮಗು ಶಾಲೆಗೆ ಸೇರುವ ಮುಂಚೆಯೇ ಜನನ ಪ್ರಮಾಣಪತ್ರದಲ್ಲಿ ಸೇರಿಸಿ, ಡಿಸೋಜವನ್ನು ಬಿಡದೆ. ಯಾಕೆಂದರೆ ನಿಮ್ಮ ಚರ್ಚಿನ ಪುಸ್ತಕ, ಜಮೀನಿನ ಪತ್ರ ಎಲ್ಲವೂ ಡಿಸೋಜ ಹೆಸರಿನಲ್ಲೇ ಇವೆ, ಮುಂದೆ ಮಗ ಹುಡುಕಲು ಹೊರಟರೆ ಅವನಿಗೆ ಎರಡೂ ಬೇಕಾಗುತ್ತದೆ.